ಒಂದೇ ನೆಗಡಿಗೆ ಎರಡು ವೈರಸ್

ನೆಗಡಿ, ಕೆಮ್ಮು, ಜ್ವರ ಎಂದು ಮಗುವನ್ನು ಕ್ಲಿನಿಕ್ಕಿಗೆ ಕರೆದೊಯ್ದಾಗ ಕೆಲವೊಮ್ಮೆ ಲ್ಯಾಬ್ ರಿಪೋರ್ಟಿನಲ್ಲಿ ಎರಡು ಹೆಸರು ಬರುತ್ತವೆ: ರೈನೋವೈರಸ್ ಪಾಸಿಟಿವ್, ಆರ್‌ಎಸ್‌ವಿಯೂ ಪಾಸಿಟಿವ್. ಮನೆಯವರಿಗೆ ಕೈಕಾಲೇ ಆಡುವುದಿಲ್ಲ. ಎರಡು ವೈರಸ್ ಎಂದರೆ ಎರಡರಷ್ಟು ಕಾಯಿಲೆ ಎಂದು ಹೆದರುವುದು ಸಹಜವೇ. ಆದರೆ ಸಾಮಾನ್ಯವಾಗಿ ಆ ಲೆಕ್ಕ ತಪ್ಪು.

ಮಲ್ಟಿಪ್ಲೆಕ್ಸ್ ಪಿಸಿಆರ್ ಎಂಬ ಈ ಪರೀಕ್ಷೆ, ಮೂಗು-ಗಂಟಲಿನಿಂದ ತೆಗೆದ ಒಂದೇ ಸ್ವ್ಯಾಬ್‌ನಲ್ಲಿ ಹಲವು ರೋಗಾಣುಗಳ ಆನುವಂಶಿಕ ತುಣುಕುಗಳನ್ನು ಒಟ್ಟಿಗೆ ಹುಡುಕುತ್ತದೆ. ಸಿಕ್ಕ ತುಣುಕು ಈಗ ಬೆಳೆಯುತ್ತಿರುವ ವೈರಸ್ಸಿನದೋ, ವಾಸಿಯಾದ ಹಳೆಯ ನೆಗಡಿಯ ಪಳೆಯುಳಿಕೆಯೋ ಎಂದು ಅದು ಹೇಳಲಾರದು. ರೈನೋವೈರಸ್ಸಿನ ಕುರುಹು ನೆಗಡಿ ನಿಂತ ವಾರಗಳ ನಂತರವೂ ಸಿಗಬಹುದು, ಬೊಕಾವೈರಸ್ಸಿನದು ತಿಂಗಳುಗಟ್ಟಲೆ. ಅಂಗನವಾಡಿಯಲ್ಲಿ ಒಂದರ ಬೆನ್ನಿಗೆ ಇನ್ನೊಂದು ಸೋಂಕು ಅಂಟಿಸಿಕೊಳ್ಳುವ ಪುಟ್ಟ ಮಕ್ಕಳಲ್ಲಿ ಇಂಥ ಜೋಡಿ ಹೆಚ್ಚು ಕಾಣುವುದಕ್ಕೆ ಇದೂ ಒಂದು ಕಾರಣ.

ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಒಂದು ವೈರಸ್ ಇನ್ನೊಂದಕ್ಕೆ ಅಡ್ಡಗಾಲು ಹಾಕುವುದೂ ಉಂಟು. 1957ರಲ್ಲಿ ಲಂಡನ್ನಿನಲ್ಲಿ ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್, ಕೋಳಿ ಭ್ರೂಣದ ಪೊರೆಗೆ ನಿಷ್ಕ್ರಿಯ ಫ್ಲೂ ವೈರಸ್ ತಾಗಿಸಿ ನೋಡಿದರು. ಜೀವಕೋಶಗಳು ಹೊರಬಿಟ್ಟ ಒಂದು ವಸ್ತು, ಆಮೇಲೆ ಬಂದ ವೈರಸ್ ಬೆಳೆಯದಂತೆ ತಡೆಯಿತು. ಅದೇ ಇಂಟರ್‌ಫೆರಾನ್. ನಮ್ಮ ಮೂಗಿನ ಒಳಪೊರೆಯಲ್ಲೂ ಇದೇ ನಡೆಯುತ್ತದೆ: ರೈನೋವೈರಸ್ ಎಬ್ಬಿಸಿದ ಕಾವಲು ಕೆಲವು ದಿನ ಫ್ಲೂವನ್ನೂ ತಡೆಯಬಲ್ಲದು. 2009ರಲ್ಲಿ ಫ್ರಾನ್ಸಿನಲ್ಲಿ ಎಚ್1ಎನ್1 ಫ್ಲೂ ತಡವಾಗಿ ಹಬ್ಬಿದ್ದಕ್ಕೆ ಆ ಶರತ್ಕಾಲದ ರೈನೋವೈರಸ್ ನೆಗಡಿಯೇ ಕಾರಣವಿರಬಹುದು ಎಂದು ಸಂಶೋಧಕರು ಊಹಿಸಿದ್ದಾರೆ.

ಹಾಗೆಂದು ಎಲ್ಲ ಜೋಡಿಯೂ ನಿರಪಾಯವಲ್ಲ. ಕೋವಿಡ್ ಮತ್ತು ಫ್ಲೂ ಒಟ್ಟಿಗೆ ತಗುಲಿ ಬ್ರಿಟನ್ನಿನ ಆಸ್ಪತ್ರೆಗಳಿಗೆ ದಾಖಲಾದ ವಯಸ್ಕರಲ್ಲಿ ವೆಂಟಿಲೇಟರ್ ಬೇಕಾಗುವ ಸಂಭವ ಹೆಚ್ಚಿತ್ತು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಅಂಜಬೇಕಾದದ್ದು ವೈರಸ್ಸಿನ ಹಿಂದೆಯೇ ಬರುವ ಬ್ಯಾಕ್ಟೀರಿಯಾಕ್ಕೆ. 1918ರ ಫ್ಲೂ ಮಾರಿಯಲ್ಲಿ ಸತ್ತವರಲ್ಲಿ ಬಹುಪಾಲು ಜನರನ್ನು ಕೊಂದದ್ದು ಬ್ಯಾಕ್ಟೀರಿಯಾದ ನ್ಯುಮೋನಿಯಾ. ಇಳಿದ ಜ್ವರ ಎರಡು-ಮೂರು ದಿನ ಬಿಟ್ಟು ಮತ್ತೆ ಏರಿದರೆ, ಕಫ ದಪ್ಪಗಾಗಿ ಎದೆ ನೋವು ಶುರುವಾದರೆ ವೈದ್ಯರಿಗೆ ತೋರಿಸಲೇಬೇಕು.

ರಿಪೋರ್ಟಿನಲ್ಲಿ ಎರಡು ಹೆಸರಿದ್ದ ಮಾತ್ರಕ್ಕೆ ಚಿಕಿತ್ಸೆ ಬದಲಾಗುವುದು ಅಪರೂಪ. ಒಸೆಲ್ಟಾಮಿವಿರ್ ಎಂಬ ಔಷಧ ಕೆಲಸ ಮಾಡುವುದು ಫ್ಲೂಗೆ ಮಾತ್ರ, ಅದೂ ಲಕ್ಷಣ ಕಂಡ 48 ಗಂಟೆಯೊಳಗೆ ಶುರುಮಾಡಿದರೆ ಹೆಚ್ಚು ಫಲ. ಆಂಟಿಬಯಾಟಿಕ್‌ನಿಂದ ಯಾವ ವೈರಸ್ಸೂ ಸಾಯದು. ಬರೆದುಕೊಡಿ ಎಂದು ದಯವಿಟ್ಟು ವೈದ್ಯರನ್ನು ಒತ್ತಾಯಿಸಬೇಡಿ.

ವೈರಸ್ ಎಷ್ಟು ಎಂದು ಎಣಿಸುವುದಕ್ಕಿಂತ ಉಸಿರು ಎಣಿಸುವುದು ಮುಖ್ಯ. ಮಗು ಅಳದೆ ಮಲಗಿರುವಾಗ ಅಂಗಿ ಸರಿಸಿ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗಿನ ಮಗುವಿಗೆ 50, ಐದು ವರ್ಷದೊಳಗಿನವರಿಗೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ವೇಗದ ಉಸಿರಾಟ. ಜೊತೆಗೆ ಪಕ್ಕೆ ಒಳಕ್ಕೆ ಎಳೆಯುತ್ತಿದ್ದರೆ, ತುಟಿ ನೀಲಿಗಟ್ಟಿದರೆ, ಮಗು ಹಾಲು ಕುಡಿಯದೆ ಮಂಕಾದರೆ, ಯಾವ ರಿಪೋರ್ಟಿಗೂ ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.