ಬರೆಯುವಲ್ಲೇ ತೆರೆಯುವ ಕೈಪಿಡಿ

ಗುಬ್ಬಿ, ಕುಣಿಗಲ್ ಕಡೆಯ ಕನ್ನಡ ಶಾಲೆಗಳಲ್ಲಿ ಓದಿ ತುಮಕೂರಿನ ಕಾಲೇಜುಗಳಲ್ಲಿ ಕಂಪ್ಯೂಟರ್ ವಿಜ್ಞಾನಕ್ಕೆ ಸೇರುವ ಮಕ್ಕಳಿಗೆ ಆರಂಭದಲ್ಲೇ ಎರಡು ತೊಡಕು. ಪ್ರೋಗ್ರಾಂ ಬರೆಯಲು ಬೇಕಾದ ನೂರಾರು ಆದೇಶಗಳ ಹೆಸರು ನೆನಪಿಡುವುದು ಒಂದು. ಅವುಗಳ ವಿವರಣೆ ಇಂಗ್ಲಿಷಿನಲ್ಲಿರುವುದು ಇನ್ನೊಂದು. ಹಾಗಾದರೆ ಎಲ್ಲವನ್ನೂ ಬಾಯಿಪಾಠ ಮಾಡಬೇಕೆ? ಖಂಡಿತ ಬೇಕಿಲ್ಲ.

ಪ್ರೋಗ್ರಾಂ ಬರೆಯಲು ಬಳಸುವ ತಂತ್ರಾಂಶಕ್ಕೆ ಟೆಕ್ಸ್ಟ್ ಎಡಿಟರ್ ಎಂದು ಹೆಸರು. ಸೈಕಲ್ಲಿಗೆ ಕ್ಯಾರಿಯರ್ ಜೋಡಿಸುವಂತೆ ಇದಕ್ಕೆ ‘ಪ್ಲಗಿನ್’ ಎಂಬ ಪುಟ್ಟ ತಂತ್ರಾಂಶವನ್ನು ಜೋಡಿಸಬಹುದು. ಆಗ ಎರಡು ಮೂರು ಅಕ್ಷರ ಒತ್ತಿದೊಡನೆ ಅವುಗಳಿಂದ ಆರಂಭವಾಗುವ ಹೆಸರುಗಳ ಪಟ್ಟಿ ತೆರೆಯುತ್ತದೆ. ಒಂದನ್ನು ಆರಿಸಿದರೆ ಪಕ್ಕದ ಚೌಕದಲ್ಲಿ ಅದರ ವಿವರಣೆ ಮೂಡುತ್ತದೆ. ಪುಸ್ತಕ ತಿರುವುವ ಕೆಲಸವಿಲ್ಲ.

ಇಷ್ಟು ಬೇಗ ಹೇಗೆ?

ವಿ. ಕೃಷ್ಣ ಅವರು ದಶಕಗಳ ಕಾಲ ಸಿದ್ಧಪಡಿಸಿದ, 2019ರಲ್ಲಿ ಮುಕ್ತವಾಗಿ ಪ್ರಕಟವಾದ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 1,50,000 ಪದಗಳಿವೆ. ಅಷ್ಟು ಪದಗಳನ್ನು ಅಕಾರಾದಿಯಾಗಿ ಜೋಡಿಸಿ, ನಡುವಿನ ಪದ ನೋಡಿ, ಬೇಕಾದ್ದು ಅದಕ್ಕಿಂತ ಹಿಂದೋ ಮುಂದೋ ಎಂದು ಪ್ರತಿ ಸಲ ಅರ್ಧ ಭಾಗ ಕೈಬಿಡುತ್ತ ಹೋಗಿ. ಹೆಚ್ಚೆಂದರೆ 18 ಹೆಜ್ಜೆಗಳಲ್ಲಿ ಪದ ಸಿಗುತ್ತದೆ. ಕಂಪ್ಯೂಟರಿಗೆ ಇದು ಕಣ್ಣು ಮಿಟುಕಿಸುವಷ್ಟರ ಕೆಲಸವೂ ಅಲ್ಲ.

ಈ ವಿಚಾರ ಹೊಸದೇನಲ್ಲ. 1976ರಲ್ಲಿ ಅಮೆರಿಕದ ಎಂಐಟಿಯಲ್ಲಿ ರೂಪುಗೊಂಡ ‘ಈಮ್ಯಾಕ್ಸ್’ ಎಡಿಟರ್ ತನ್ನ ಆದೇಶಗಳ ಅರ್ಥವನ್ನು ತಾನೇ ತಿಳಿಸುತ್ತಿತ್ತು. ಮುಂದೆ ಎಡಿಟರುಗಳೂ ಭಾಷೆಗಳೂ ಹೆಚ್ಚಿದವು. 10 ಎಡಿಟರ್, 20 ಭಾಷೆ ಇದ್ದರೆ ಪ್ರತಿ ಜೋಡಿಗೂ ಒಂದರಂತೆ 200 ಪ್ಲಗಿನ್ ಬೇಕು! 2016ರಲ್ಲಿ ಮೈಕ್ರೋಸಾಫ್ಟ್ ಎಲ್ಲಕ್ಕೂ ಹೊಂದುವ ಒಂದು ಸಂವಾದ ನಿಯಮವನ್ನು ಪ್ರಕಟಿಸಿತು. ಅದನ್ನು ಪಾಲಿಸಿದರೆ 30 ಸಾಕು.

ಹೆಸರು ಸಿಕ್ಕರೆ ಸಾಲದು

ಆದರೆ ಇಲ್ಲೊಂದು ಅಪಾಯವಿದೆ. ಪೈಥಾನ್ ಭಾಷೆಯಲ್ಲಿ ತುಮಕೂರು, ಗುಬ್ಬಿ, ಕುಣಿಗಲ್ ಎಂಬ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಬೇಕೆನ್ನಿ. ಎಡಿಟರ್ ಸೂಚಿಸಿದ ‘ಸಾರ್ಟ್’ ಅನ್ನು ಆರಿಸಿ, ಅದರ ಉತ್ತರವನ್ನು ಹೊಸ ಹೆಸರಿನಲ್ಲಿ ಇಟ್ಟುಕೊಂಡರೆ ಅಲ್ಲಿ ಸಿಗುವುದು ‘ನನ್’, ಅಂದರೆ ಏನೂ ಇಲ್ಲ! ತಪ್ಪಾಯಿತೆಂದು ಕಂಪ್ಯೂಟರ್ ಹೇಳುವುದೂ ಇಲ್ಲ. ಏಕೆಂದರೆ ‘ಸಾರ್ಟ್’ ಇದ್ದ ಪಟ್ಟಿಯನ್ನೇ ಬದಲಿಸುತ್ತದೆ. ಕುಣಿಗಲ್, ಗುಬ್ಬಿ, ತುಮಕೂರು ಎಂಬ ಹೊಸ ಪಟ್ಟಿ ಬೇಕಿದ್ದರೆ ‘ಸಾರ್ಟೆಡ್’ ಬಳಸಬೇಕು. ಪಕ್ಕದ ಚೌಕದ ಒಂದು ಸಾಲು ಓದಿದ್ದರೆ ಇದು ತಿಳಿಯುತ್ತಿತ್ತು. ಹೆಸರನ್ನು ಯಂತ್ರ ಪೂರ್ತಿ ಮಾಡೀತು. ಅರ್ಥವನ್ನು ವಿದ್ಯಾರ್ಥಿಯೇ ಓದಿ ತಿಳಿಯಬೇಕು.

ಆ ಸಾಲುಗಳನ್ನು ಬರೆಯುವವರು ಯಾರು? ಪ್ರೋಗ್ರಾಂ ಬರೆದವರೇ. ಪೈಥಾನಿನಲ್ಲಿ ಪ್ರತಿ ಫಂಕ್ಷನ್ನಿನ ಹೆಸರಿನ ಕೆಳಗೆ, ಉದ್ಧರಣ ಚಿಹ್ನೆಗಳ ನಡುವೆ ವಿವರಣೆ ಬರೆಯಬಹುದು. ಅದನ್ನೇ ಎಡಿಟರ್ ಎತ್ತಿ ತೋರಿಸುತ್ತದೆ. ಅದು ಕನ್ನಡದಲ್ಲಿದ್ದರೆ ಕನ್ನಡದಲ್ಲೇ ಕಾಣುತ್ತದೆ. ‘ಊರುಗಳ ಪಟ್ಟಿ ಕೊಡಿ, ಜೋಡಿಸಿದ ಹೊಸ ಪಟ್ಟಿ ಸಿಗುತ್ತದೆ, ಹಳೆಯದು ಬದಲಾಗದು’ ಎಂದು ಬರೆದಿಟ್ಟರೆ ಮುಂದಿನ ತರಗತಿಯ ಮಕ್ಕಳು ಇಂಗ್ಲಿಷಿಗೆ ತಡವರಿಸಬೇಕಿಲ್ಲ. ವಿವರಣೆ ಕಂಪ್ಯೂಟರಿನೊಳಗೇ ಇರುವುದರಿಂದ ಅಂತರಜಾಲವೂ ಬೇಡ.

ಮಕ್ಕಳು ಪರದೆಯ ಮುಂದೆ ಕುಳಿತಾಗ ತಂದೆತಾಯಿಯರು ‘ಇದು ಏನು ಮಾಡುತ್ತದೆ?’ ಎಂದು ಕೇಳಬಹುದು. ಬಂದ ಉತ್ತರವನ್ನೇ ಮಕ್ಕಳು ಫಂಕ್ಷನ್ನಿನ ಕೆಳಗೆ ಕನ್ನಡದಲ್ಲಿ ಬರೆದಿಟ್ಟರೆ ಒಳ್ಳೆಯ ಅಭ್ಯಾಸವಾಗುತ್ತದೆ.