ಏರಿಗೆ ಮೊದಲು ನೀರಿನ ಲೆಕ್ಕ

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು ಮೊದಲ ಸಲ ನೋಡಿದವರು ಅದರ ನೀರಿನ ಹರವಿಗೆ ಬೆರಗಾಗುತ್ತಾರೆ. ಕೆರೆಕಟ್ಟೆಗಳ ಮರ್ಮವನ್ನು ಬಲ್ಲವರಿಗಾದರೋ ಅದರ ಏರಿಯೇ ಹೆಚ್ಚಿನ ಸೋಜಿಗ. ತುಂಬಿದಾಗ ಸುಮಾರು 6,550 ಎಕರೆಗಳಷ್ಟು ಹರಡಿಕೊಳ್ಳುವ ಈ ಜಲರಾಶಿಯನ್ನು ತಡೆದು ನಿಲ್ಲಿಸಿರುವ ಏರಿಯ ಉದ್ದ ಸುಮಾರು 950 ಅಡಿ ಮಾತ್ರ! ಎರಡು ಗುಡ್ಡಗಳು ಹತ್ತಿರ ಬಂದಿರುವ ಇಕ್ಕಟ್ಟಿನಲ್ಲಿ ಹರಿದ್ರಾ ನದಿಯನ್ನು ಅಡ್ಡಗಟ್ಟಿರುವುದೇ ಇದರ ಗುಟ್ಟು. ರಾಜಕುಮಾರಿ ಶಾಂತವ್ವೆ ಪ್ರಾಯಶ್ಚಿತ್ತಕ್ಕಾಗಿ ಈ ಕೆರೆಯನ್ನು ಕಟ್ಟಿಸಿದಳೆಂದೂ, ತಮ್ಮ ನೆಲವನ್ನು ಬಿಟ್ಟುಕೊಟ್ಟ ಸೂಳೆಯರು ಕೆರೆಗೆ ತಮ್ಮ ಹೆಸರಿರಬೇಕೆಂದು ಕೇಳಿಕೊಂಡರೆಂದೂ ಐತಿಹ್ಯವುಂಟು. ಕಥೆ ಹೇಗೆಯೇ ಇರಲಿ, ಗುದ್ದಲಿ ಎತ್ತುವ ಮುನ್ನ ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಯಾರೋ ಜಾಣರು ಕೂಲಂಕಷವಾಗಿ ನೋಡಿದ್ದರೆಂಬುದರಲ್ಲಿ ಸಂದೇಹವಿಲ್ಲ.

ಸಣ್ಣ ಉದ್ಯಮವನ್ನು ಆರಂಭಿಸುವವರಲ್ಲಿ ಈ ಬಗೆಯ ನೋಟ ಅಪರೂಪ. ಅನೇಕರು ಮೊದಲು ಯಂತ್ರ ಕೊಳ್ಳುತ್ತಾರೆ. ಸರಕು ಎಲ್ಲಿ, ಗಿರಾಕಿ ಯಾರು ಎಂಬ ಯೋಚನೆ ಆಮೇಲೆ ಬರುತ್ತದೆ. ಚನ್ನಗಿರಿಯ ಸೀಮೆ ಅಡಿಕೆಯ ಸೀಮೆ. ಆದುದರಿಂದ ಇಲ್ಲಿನ ಓದಿದ ತರುಣನ ಮನಸ್ಸು ಹಾಳೆಯ ತಟ್ಟೆಯ ಉದ್ಯಮದ ಕಡೆ ಹೊರಳುವುದು ಸಹಜ. ಅದನ್ನೇ ಉದಾಹರಣೆಯಾಗಿ ತೆಗೆದುಕೊಂಡರೆ ಮಿಕ್ಕ ಉದ್ಯಮಗಳ ಹಾದಿಯೂ ತಿಳಿದೀತು.

ಮೊದಲು ಹಾಳೆ, ಆಮೇಲೆ ಯಂತ್ರ

ತಟ್ಟೆ ಮಾಡುವ ಕ್ರಮ ಸರಳವಾದುದು. ಮರದಿಂದ ತಾನಾಗಿ ಕಳಚಿ ಬಿದ್ದ ಹಾಳೆಯನ್ನು ತೊಳೆದು, ನೀರಿನಲ್ಲಿ ನೆನೆಸಿ, ನೀರು ಬಸಿದ ಮೇಲೆ ಕಾದ ಅಚ್ಚಿನಲ್ಲಿಟ್ಟು ಒತ್ತಿ, ಅಂಚು ಕತ್ತರಿಸಿದರೆ ತಟ್ಟೆ ಸಿದ್ಧ. ಆದರೆ ಹಾಳೆ ಎಷ್ಟು ಬೇಕು?

ದಿನಕ್ಕೆ 500 ತಟ್ಟೆಗಳಂತೆ ತಿಂಗಳಿಗೆ 20 ದಿನ ಕೆಲಸ ನಡೆದರೆ ವರ್ಷಕ್ಕೆ 1,20,000 ತಟ್ಟೆಗಳಾಗುತ್ತವೆ. ಒಂದು ಹಾಳೆಗೆ ಎರಡು ತಟ್ಟೆಯೆಂದರೂ 60,000 ಹಾಳೆ ಬೇಕು. ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ತೋಟದಲ್ಲಿ ಎಕರೆಗೆ ಸುಮಾರು 550 ಮರಗಳಿರುತ್ತವೆ. ಮರವೊಂದು ವರ್ಷಕ್ಕೆ ಆರು ಹಾಳೆ ಉದುರಿಸಿದರೆ ಎಕರೆಗೆ 3,300 ಹಾಳೆ. ಈ ಲೆಕ್ಕದಲ್ಲಿ 18 ಎಕರೆ ತೋಟ ಸಾಕು. ಆದರೆ ಸೀಳಿದ್ದು, ಬೂಷ್ಟು ಹಿಡಿದದ್ದು, ದನಗಳ ಮೇವಿಗೆ ಹೋದದ್ದು, ಮರದ ಬುಡಕ್ಕೆ ಮುಚ್ಚಿಗೆಯಾದದ್ದು ಕಳೆದು ಅರ್ಧ ಮಾತ್ರ ಕೈಗೆ ಬಂದರೆ 36 ಎಕರೆಯ ಒಡೆಯರೊಡನೆ ಮಾತು ನಡೆಯಬೇಕು. ಆ ಮಾತು ಯಂತ್ರಕ್ಕೆ ಮುಂಗಡ ಕೊಡುವ ಮೊದಲೇ ನಡೆಯಬೇಕು.

ಕಾಲದ ಪ್ರಶ್ನೆ ಬೇರೆ ಇದೆ. ಒಳ್ಳೆಯ ಒಣ ಹಾಳೆ ದೊರೆಯುವುದು ಬೇಸಗೆಯಲ್ಲಿ. ಮಳೆಗಾಲದ ಹಾಳೆ ಬಹುಬೇಗ ಕೆಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಿಗೆ 20,000 ಹಾಳೆಗಳನ್ನು ಮುಂಚೆಯೇ ಕೊಂಡು, ನೆನೆಯದಂತೆ ಕೂಡಿಡಬೇಕು. ಅಂದರೆ ಒಂದು ಒಣ ಉಗ್ರಾಣವೂ, ತಿಂಗಳುಗಟ್ಟಲೆ ಹಾಳೆಯ ರೂಪದಲ್ಲಿ ಸುಮ್ಮನೆ ಮಲಗಿರುವ ಹಣವೂ ಬೇಕು. ಆಷಾಢದಲ್ಲಿ ಮದುವೆಗಳಿಲ್ಲ, ಪಿತೃಪಕ್ಷದಲ್ಲಿ ಶುಭಕಾರ್ಯಗಳಿಲ್ಲ. ಮಾರಾಟ ಇಳಿಮುಖವಾಗಿರುವ ಆ ದಿನಗಳಲ್ಲಿಯೂ ಸಾಲದ ಕಂತು ನಿಲ್ಲುವುದಿಲ್ಲ. ಯಂತ್ರದ ಬೆಲೆಯನ್ನು ಮಾತ್ರ ಬಂಡವಾಳವೆಂದು ತಿಳಿದವನು ಎಡವುವುದು ಇಲ್ಲಿಯೇ.

ನಾಲ್ಕಾಣೆಯ ಮಹಿಮೆ

ಇನ್ನು ಲಾಭದ ಮಾತು. ಲೆಕ್ಕಕ್ಕೆಂದು ತಟ್ಟೆಯ ಮಾರಾಟದ ಬೆಲೆ 3 ರೂಪಾಯಿ ಎಂದಿಟ್ಟುಕೊಂಡರೆ, ಹಾಳೆ, ಕೂಲಿ, ವಿದ್ಯುತ್ತು, ಸಾಗಾಣಿಕೆಗಳಿಗೆ 2 ರೂಪಾಯಿ ಹೋಗಿ 1 ರೂಪಾಯಿ ಉಳಿಯುತ್ತದೆ. ಬಾಡಿಗೆ, ಸಾಲದ ಕಂತು, ವಿಮೆಗಳೆಂದು ತಿಂಗಳಿಗೆ 8,000 ರೂಪಾಯಿ ತಪ್ಪದ ಖರ್ಚಿದ್ದರೆ 8,000 ತಟ್ಟೆ ಮಾರಿದಾಗ ಅಸಲು ಹುಟ್ಟಿತು. ತಿಂಗಳಿಗೆ 10,000 ಮಾಡುವವನಿಗೆ ಇದು ನೆಮ್ಮದಿಯ ಲೆಕ್ಕವೆಂದೇ ತೋರುತ್ತದೆ. ಆದರೆ ಐದು ದಿನ ವಿದ್ಯುತ್ತು ಕೈಕೊಟ್ಟರೆ ತಟ್ಟೆ 7,500ಕ್ಕೆ ಇಳಿದು ಕೈಯಿಂದ ಹಣ ಹಾಕಬೇಕಾಗುತ್ತದೆ. ಪಕ್ಕದೂರಿನ ಸ್ಪರ್ಧಿ ಬೆಲೆಯನ್ನು ಕೇವಲ 25 ಪೈಸೆ ಇಳಿಸಿ, ಇವನೂ ಇಳಿಸಬೇಕಾಗಿ ಬಂದರೆ, ಅಸಲಿಗೇ 10,667 ತಟ್ಟೆ ಮಾರಬೇಕು. ಅಷ್ಟು ಮಾಡುವ ಶಕ್ತಿಯೇ ಅವನ ಯಂತ್ರಕ್ಕಿಲ್ಲ! ಒಂದು ನಾಲ್ಕಾಣೆ ಇಡೀ ಉದ್ಯಮವನ್ನು ಮುಳುಗಿಸಬಲ್ಲದೆಂಬುದು ಕಾಗದದ ಮೇಲೆ ಗೊತ್ತಾದರೆ ಖರ್ಚು ಒಂದು ಹಾಳೆ ಕಾಗದ ಮಾತ್ರ. ಸಾಲ ಪಡೆದ ಮೇಲೆ ಗೊತ್ತಾದರೆ ಹೊಲದ ಪತ್ರ. ಮನೆಯವರ ದುಡಿಮೆಗೆ ಕೂಲಿ ಹಿಡಿಯದೆ ಲಾಭ ತೋರಿಸುವುದೂ ತನಗೆ ತಾನೇ ಮಾಡಿಕೊಳ್ಳುವ ಮೋಸ.

ಸರಕಾರದ ನೆರವಿನ ಸ್ವರೂಪವನ್ನೂ ಅರಿಯಬೇಕು. 2008ರಲ್ಲಿ ಆರಂಭವಾದ ಪ್ರಧಾನಮಂತ್ರಿಗಳ ಉದ್ಯೋಗ ಸೃಷ್ಟಿ ಕಾರ್ಯಕ್ರಮವು ಗ್ರಾಮಾಂತರದ ಸಾಮಾನ್ಯ ವರ್ಗದವರಿಗೆ ವೆಚ್ಚದ ಶೇಕಡ 25ರಷ್ಟು ಸಹಾಯಧನವನ್ನು ಗೊತ್ತುಪಡಿಸಿ, ಶೇಕಡ 10ನ್ನು ಅವರೇ ಹಾಕಬೇಕೆಂದಿತು. ಆ ಸಹಾಯಧನ ನೇರವಾಗಿ ಕೈಗೆ ಬರುವುದಲ್ಲ. ಅದು ಮೂರು ವರ್ಷ ಬ್ಯಾಂಕಿನಲ್ಲಿ ಠೇವಣಿಯಾಗಿದ್ದು ಬಳಿಕ ಸಾಲಕ್ಕೆ ಜಮೆಯಾಗತಕ್ಕದ್ದು. ಅದನ್ನು ನೆಚ್ಚಿ ದಿನದ ಖರ್ಚು ತೂಗಿಸುವಂತಿಲ್ಲ. ಇಂಥ ಯೋಜನೆಗಳ ನಿಯಮಗಳನ್ನು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಮುಂಚಿತವಾಗಿ ವಿಚಾರಿಸುವುದು ಲೇಸು.

ಕೋಡಿಯೂ ಬೇಕು

ಕೆರೆ ಕಟ್ಟುವವರು ತೂಬಿನ ಜೊತೆಗೆ ಕೋಡಿಯನ್ನೂ ಇಡುತ್ತಾರೆ. ಅನಿರೀಕ್ಷಿತ ಮಳೆಗೆ ಅದೇ ರಕ್ಷೆ. ಉದ್ಯಮಕ್ಕೂ ಅಂಥ ದಾರಿಯೊಂದಿರಬೇಕು. ಕರ್ನಾಟಕದಲ್ಲಿ 2016ರಲ್ಲಿ ಪ್ಲಾಸ್ಟಿಕ್ ತಟ್ಟೆ ಲೋಟಗಳ ನಿಷೇಧವಾದಾಗಲೂ, 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳನ್ನು ದೇಶದಾದ್ಯಂತ ನಿಷೇಧಿಸಿದಾಗಲೂ ಹಾಳೆ ತಟ್ಟೆಗೆ ಒಳ್ಳೆಯ ಕಾಲ ಬಂದಿತೆಂಬ ಭರವಸೆ ಹುಟ್ಟಿತು. ಆದರೆ 2025ರ ಮೇ ತಿಂಗಳಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಅಡಿಕೆ ಹಾಳೆಯಲ್ಲಿರುವ ಆಲ್ಕಲಾಯ್ಡುಗಳು ಆಹಾರದಲ್ಲಿ ಸೇರಬಹುದೆಂಬ ಕಾರಣ ಕೊಟ್ಟು, ಅಂಥ ತಟ್ಟೆಗಳನ್ನು ಊಟಕ್ಕೆ ಬಳಸಕೂಡದೆಂದಿತು. ಹೊರದೇಶದ ಒಂದೇ ಮಾರುಕಟ್ಟೆಯನ್ನು ನಂಬಿ ಯಂತ್ರಗಳನ್ನು ಹೂಡಿದವನ ಗತಿಯನ್ನು ಊಹಿಸಬಹುದು. ಕಲ್ಯಾಣಮಂಟಪ, ದೇವಸ್ಥಾನದ ದಾಸೋಹ, ಹೋಟೆಲು, ಸಂತೆ ಎಂದು ಗಿರಾಕಿಗಳನ್ನು ಹಂಚಿಕೊಂಡವನು ಅಷ್ಟು ಸುಲಭವಾಗಿ ಕಂಗೆಡಲಾರ.

ಎಲ್ಲಕ್ಕಿಂತ ಅಗ್ಗದ ಪರೀಕ್ಷೆಯೊಂದಿದೆ. ಯಂತ್ರ ಕೊಳ್ಳುವ ಮೊದಲು ಬೇರೆಯವರು ಮಾಡಿದ ತಟ್ಟೆಗಳನ್ನೇ ಕೊಂಡು ಮೂರು ತಿಂಗಳು ಮಾರಿ ನೋಡುವುದು. ಯಾರು ಎಷ್ಟು ಕೊಂಡರು, ಯಾವ ಅಳತೆಯದನ್ನು ಕೇಳಿದರು, ನಗದೆಷ್ಟು, ಉದ್ರಿ ಎಷ್ಟು, ಉದ್ರಿ ಎಷ್ಟು ದಿನಕ್ಕೆ ವಸೂಲಾಯಿತು ಎಂಬುದನ್ನು ಅಂದಂದೇ ಪುಸ್ತಕದಲ್ಲಿ ಬರೆಯಬೇಕು. ಈ ಪುಸ್ತಕ ಹೇಳುವ ಸತ್ಯವನ್ನು ಯಂತ್ರ ಮಾರುವವನ ಬಾಯಿಂದ ಕೇಳುವಂತಿಲ್ಲ. ಮೂರು ತಿಂಗಳಾದ ಮೇಲೆ ಬೇಡವೆನ್ನಿಸಿದರೆ ಅದನ್ನು ಸೋಲೆಂದು ತಿಳಿಯಬೇಕಾಗಿಲ್ಲ. ಹಾಕಿದ ಅಲ್ಪ ಹಣ ಪಾಠದ ಶುಲ್ಕವಾಯಿತು, ಹೊಲ ಉಳಿಯಿತು. ಮುಂದುವರಿಯಬಹುದೆನ್ನಿಸಿದರೆ, ಅವನು ಯಂತ್ರ ಕೊಳ್ಳುವ ದಿನ ಅವನ ಗಿರಾಕಿಗಳು ಆಗಲೇ ಕಾದಿರುತ್ತಾರೆ.