ಪ್ರೌಢಶಾಲೆಗಳಲ್ಲಿ ಪರಿಷ್ಕೃತ ದೈಹಿಕ ಶಿಕ್ಷಣ: ಕುಮಟಾ, ಹೊನ್ನಾವರ, ಭಟ್ಕಳ ತಾಲ್ಲೂಕುಗಳಲ್ಲಿ ಅನುಷ್ಠಾನದ ತೊಡಕುಗಳು

ಆರೋಗ್ಯ ಮತ್ತು ದೈಹಿಕ ಶಿಕ್ಷಣವನ್ನು ಹತ್ತನೆಯ ತರಗತಿಯವರೆಗೆ ಕಡ್ಡಾಯ ವಿಷಯವಾಗಿಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಶಿಫಾರಸು ಮಾಡಿತು. ಆ ಬಳಿಕ ರಾಜ್ಯದ ಪಠ್ಯಕ್ರಮವೂ ಪರಿಷ್ಕೃತಗೊಂಡು, ಈ ವಿಷಯಕ್ಕೆ ಪ್ರತ್ಯೇಕ ಪಠ್ಯಪುಸ್ತಕ ದೊರೆಯಿತು. ಕವಾಯತು ಹಾಗೂ ಪಂದ್ಯಗಳಿಗೆ ಸೀಮಿತವಾಗಿದ್ದ ಕಲಿಕೆಯು ಪ್ರತಿಯೊಬ್ಬ ವಿದ್ಯಾರ್ಥಿಗೂ ತಲುಪಬೇಕೆಂಬುದು ಇದರ ಆಶಯ.

ಕರಾವಳಿಯಲ್ಲಿ ಈ ಆಶಯಕ್ಕೆ ಮೊದಲು ಎದುರಾಗುವುದು ಮಳೆ. ಇಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಅಧಿಕ ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಶೈಕ್ಷಣಿಕ ವರ್ಷದ ಆರಂಭವೂ ಇದೇ ಅವಧಿ. ಮೊದಲೆರಡು ರೂಪಣಾತ್ಮಕ ಮೌಲ್ಯಮಾಪನಗಳು ಮೈದಾನ ಕೆಸರಾಗಿರುವಾಗಲೇ ಮುಗಿಯುತ್ತವೆ. ತಾಲ್ಲೂಕು ಮಟ್ಟದ ಕ್ರೀಡಾಕೂಟಗಳೂ ಸಾಮಾನ್ಯವಾಗಿ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಬರುವುದರಿಂದ, ಮಳೆ ಬಿಡುವು ಕೊಟ್ಟ ಕೆಲವೇ ದಿನಗಳು ಕಬಡ್ಡಿ, ಖೋ-ಖೋ ತಂಡಗಳ ಅಭ್ಯಾಸಕ್ಕೆ ಸಲ್ಲುತ್ತವೆ. ತಂಡಕ್ಕೆ ಆಯ್ಕೆಯಾಗದ ವಿದ್ಯಾರ್ಥಿಗಳು ತರಗತಿಯಲ್ಲೇ ಉಳಿಯುತ್ತಾರೆ. ಪರಿಷ್ಕರಣೆ ಉದ್ದೇಶಿಸಿದ್ದು ಮುಖ್ಯವಾಗಿ ಇವರನ್ನೇ ಎಂಬುದು ಗಮನಾರ್ಹ.

ಯಾಣದ ಸುತ್ತಲಿನ ಒಳನಾಡಿನಲ್ಲಿ ಸಮತಟ್ಟು ನೆಲವೇ ಅಪರೂಪ. ಗುಡ್ಡದ ಇಳಿಜಾರು, ತೋಟ, ಉಳಿದದ್ದು ಅರಣ್ಯ. 1980ರ ಅರಣ್ಯ ಸಂರಕ್ಷಣಾ ಕಾಯಿದೆಯಂತೆ ಅರಣ್ಯಭೂಮಿಯನ್ನು ಅನ್ಯ ಉದ್ದೇಶಕ್ಕೆ ಬಳಸಲು ಕೇಂದ್ರದ ಪೂರ್ವಾನುಮತಿ ಅಗತ್ಯ. 2009ರ ಶಿಕ್ಷಣ ಹಕ್ಕು ಕಾಯಿದೆಯು ಆಟದ ಮೈದಾನವನ್ನು ಶಾಲೆಯ ಮಾನದಂಡಗಳಲ್ಲಿ ಸೇರಿಸಿದೆಯಾದರೂ, ಆರರಿಂದ ಎಂಟನೆಯ ತರಗತಿಗಳಿಗೆ ಅರೆಕಾಲಿಕ ದೈಹಿಕ ಶಿಕ್ಷಣ ಬೋಧಕರನ್ನು ವಿಧಿಸುವುದು ದಾಖಲಾತಿ ನೂರನ್ನು ಮೀರಿದಲ್ಲಿ ಮಾತ್ರ. ಚದುರಿದ ಮಜರೆಗಳ ಶಾಲೆಗಳು ಆ ಸಂಖ್ಯೆ ತಲುಪುವುದು ಕಷ್ಟ. ಹೀಗಾಗಿ ಆಟದ ಮೂಲ ಕೌಶಲಗಳನ್ನೇ ಕಲಿಯದ ಮಕ್ಕಳು ಪ್ರೌಢಶಾಲೆಗೆ ಬರುವ ಸಂಭವವಿರುತ್ತದೆ. ಪಠ್ಯಪುಸ್ತಕವಾದರೋ ಅವು ಬಂದಿವೆಯೆಂದೇ ಭಾವಿಸುತ್ತದೆ.

ಎಸ್.ಎಸ್.ಎಲ್.ಸಿ. ಸಾರ್ವಜನಿಕ ಪರೀಕ್ಷೆಯ 625 ಅಂಕಗಳಲ್ಲಿ ದೈಹಿಕ ಶಿಕ್ಷಣಕ್ಕೆ ಪಾಲಿಲ್ಲ. ಡಿಸೆಂಬರ್‌ನ ಒಣಹವೆಯಲ್ಲಿ ಮೈದಾನ ಸಿದ್ಧವಾಗುವ ವೇಳೆಗೆ ಹತ್ತನೆಯ ತರಗತಿಯ ಆಟದ ಅವಧಿ ಗಣಿತ, ವಿಜ್ಞಾನಗಳ ಪುನರಾವರ್ತನೆಗೆ ಹೋಗುವುದು ಸುಲಭ.

ಪಾಠಗಳ ಅನುಕ್ರಮವನ್ನು ಸ್ಥಳೀಯ ಋತುಮಾನಕ್ಕೆ ಹೊಂದಿಸಿಕೊಂಡರೆ ಸಮಸ್ಯೆ ಬಹುಮಟ್ಟಿಗೆ ಸಡಿಲವಾಗುತ್ತದೆ. ಯೋಗಾಸನ, ಚದುರಂಗ, ಪ್ರಥಮ ಚಿಕಿತ್ಸೆ, ಆಟಗಳ ನಿಯಮಗಳನ್ನು ಮಳೆಗಾಲದಲ್ಲಿ ಮುಗಿಸಿ, ಓಟ, ಎಸೆತ, ಜಿಗಿತಗಳನ್ನು ನವೆಂಬರ್ ನಂತರ ಇರಿಸಬಹುದು. ಕೆರೆಮನೆ ಮೇಳದ ನೆಲೆಯಾದ ಗುಣವಂತೆ ಹೊನ್ನಾವರ ತಾಲ್ಲೂಕಿನದೇ. ಯಕ್ಷಗಾನದ ಹೆಜ್ಜೆ ಕಲಿಸಲು ಶಾಲೆಯ ಜಗಲಿಯಷ್ಟೇ ಸಾಕು, ಅದರ ಶ್ರಮವೂ ಕಡಿಮೆಯದಲ್ಲ. ಕುಮಟಾದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯು ಇಂತಹ ಹೊಂದಾಣಿಕೆಯ ತರಬೇತಿಗೆ ಸೂಕ್ತ ವೇದಿಕೆ. ವೇಳಾಪಟ್ಟಿಯಲ್ಲಿ ಆಟವನ್ನು ದಿನದ ಕೊನೆಯ ಅವಧಿಗೆ ಇಡದಿರುವುದೂ ಮುಖ್ಯ: ಸಂಜೆಯ ಬಸ್ಸು ಹಿಡಿಯಬೇಕಾದ ದೂರದ ಊರಿನ ಮಗುವಿಗೆ ಆ ಅವಧಿ ದಕ್ಕುವುದಿಲ್ಲ.